ಬೆಟ್ಟ ಯಾರದು ಅಂತ ಮಗು ಕೇಳಿದರೆ

ಕಳೆದ ವರ್ಷ ಮಗಳ ಶಾಲೆಯಿಂದ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು. ಛದ್ಮವೇಷ ಸ್ಪರ್ಧೆ, ವಿಷಯ ‘ನಾಡಿನ ಸಾಧಕರು’. ಒಂದನೇ ಕ್ಲಾಸಿನಲ್ಲಿ ಐದು ಜನ, ಗಿಡ ಬೆಳೆಸಿ ಹೆಸರಾದ ಹಾಲಕ್ಕಿ ಸಮುದಾಯದ ತುಳಸಿ ಗೌಡರಾಗಿ ಬಂದರು. ಕುತ್ತಿಗೆ ತುಂಬ ಮಣಿಸರ, ಹಾಲಕ್ಕಿ ಕಟ್ಟಿನ ಸೀರೆ, ಬರಿಗಾಲು, ಕೈಯಲ್ಲೊಂದು ಸಸಿ. ಅದರಲ್ಲಿ ಒಂದು ಸಸಿ ಪ್ಲಾಸ್ಟಿಕ್ಕಿನದು. ಐವರೂ ಹೆಚ್ಚುಕಡಿಮೆ ಒಂದೇ ಸಾಲು ಹೇಳಿದರು: ಗಿಡ ನೆಡಿ, ಪರಿಸರ ಉಳಿಸಿ. ನಾನೂ ಚಪ್ಪಾಳೆ ತಟ್ಟಿದೆ. ಐವರಲ್ಲಿ ಒಬ್ಬಳು ನನ್ನ ಮಗಳೇ.

ಅದೇ ಕ್ಲಾಸಿನಲ್ಲಿ ಹಾಲಕ್ಕಿ ಮನೆಯ ಹುಡುಗಿ ಒಬ್ಬಳಿದ್ದಾಳೆ. ಅವಳು ಕಿತ್ತೂರು ಚೆನ್ನಮ್ಮ ಆಗಿ ಬಂದಿದ್ದಳು. ಕೈಯಲ್ಲಿ ರಟ್ಟಿನ ಕತ್ತಿ.

ಆ ದಿನ ನಗು ಬಂತು. ಆಮೇಲೆ ಯೋಚನೆ ಹತ್ತಿತು. ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳಾಗುವುದರೊಳಗೆ, 2025ರ ಫೆಬ್ರವರಿ 13ರಂದು ಬಡಿಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರೂ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನವರು, ಇಬ್ಬರೂ ಹಾಲಕ್ಕಿಗಳು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಅವರು ಹೋದ ಮೇಲೆ ನಮ್ಮ ಕಡೆಯ ಶಾಲೆಗಳಲ್ಲಿ ಈ ವೇಷ ಜಾಸ್ತಿಯಾಗಿದೆ. ಚಿಕ್ಕ ಮಕ್ಕಳಿಗೆ ನಮ್ಮ ನೆಲದ ಜನರ ಬಗ್ಗೆ ಹೇಳಬೇಕು ಎಂಬ ಆಸೆ ಶಿಕ್ಷಕರಿಗಿದೆ. ಆಸೆ ಒಳ್ಳೆಯದೇ. ಆದರೆ ಹೇಳುವುದು ಏನನ್ನು? ಮಣಿಸರ ನೋಡಿದ ಮಗುವಿಗೆ ಆ ಜನರಿಗೂ ಈ ನೆಲಕ್ಕೂ ಇರುವ ಸಂಬಂಧ ಏನು ಗೊತ್ತಾಯಿತು?

ತುಳಸಜ್ಜಿ ಶಾಲೆಗೆ ಹೋದವರಲ್ಲ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ದಶಕಗಳ ಕಾಲ ದಿನಗೂಲಿ, ಆಮೇಲೆ ಕಾಯಂ ನೌಕರಿ. ಅವರಿಗೆ ಗೊತ್ತಿದ್ದದ್ದು ಕೆಲಸ. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವ ಹೊತ್ತಿಗೆ ಹೆಕ್ಕಬೇಕು, ಹೆಕ್ಕಿದ ಬೀಜ ಮೊಳೆಯಲು ಏನು ಮಾಡಬೇಕು. ‘ಪರಿಸರಪ್ರೇಮ’ ಎಂಬ ಹಾರ ನಾವು ಆಮೇಲೆ ಹಾಕಿದ್ದು.

ಐದಾರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ ಹೇಳಿ. ಮೊರದಲ್ಲಿ ಮತ್ತಿಯ ರೆಕ್ಕೆಬೀಜ, ಹೊನ್ನೆಯ ಬಿಲ್ಲೆ, ಅಂಟುವಾಳ, ಮುರುಗಲು, ಗೇರು ಸುರಿದುಬಿಡಿ. ಗಾಳಿಯಲ್ಲಿ ಹಾರುವುದು ಯಾವುದು, ಹಕ್ಕಿ ತಿಂದು ಎಸೆಯುವುದು ಯಾವುದು, ನೊರೆ ಬರುವುದು ಯಾವುದು ಅಂತ ಕೇಳಿ. ಒಂದು ಗಂಟೆ ಮಕ್ಕಳು ಮಿಸುಕಾಡುವುದಿಲ್ಲ. ಆಮೇಲೆ ಹೇಳಬಹುದು, ಇದನ್ನೆಲ್ಲ ಮುಟ್ಟಿ ನೋಡಿಯೇ ಗುರುತಿಸುವ ಅಜ್ಜಿ ಇಲ್ಲೇ ಹೊನ್ನಳ್ಳಿಯಲ್ಲಿದ್ದರು ಅಂತ. ಆಗ ತುಳಸಜ್ಜಿ ಒಂದು ವೇಷವಾಗಿ ಉಳಿಯುವುದಿಲ್ಲ.

ಈ ಪ್ರಶ್ನೆಯನ್ನು ಬೇರೆ ದೇಶಗಳೂ ಎದುರಿಸಿವೆ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದು ತಂದು ವಸತಿ ಶಾಲೆಗಳಲ್ಲಿ ಇಟ್ಟಿದ್ದರು. ಸುಮಾರು ಒಂದೂವರೆ ಲಕ್ಷ ಮಕ್ಕಳು. ಮನೆಮಾತು ಆಡಿದರೆ ಶಿಕ್ಷೆ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಇದನ್ನು ವಿಚಾರಿಸಿದ ಆಯೋಗ 2015ರಲ್ಲಿ 94 ಕೆಲಸಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಒಂದು, ಪುಟ್ಟ ಮಕ್ಕಳಿಂದ ಹಿಡಿದು ಎಲ್ಲರ ಪಾಠದಲ್ಲೂ ಈ ಚರಿತ್ರೆ ಸೇರಬೇಕು, ಪಾಠವನ್ನು ಆ ಜನರ ಜೊತೆ ಕೂತೇ ಮಾಡಬೇಕು ಎಂಬುದು. ಈಗ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಬೆಳಗ್ಗೆ ‘ನಾವು ಇಂಥ ಜನರ ನೆಲದ ಮೇಲೆ ಕೂತಿದ್ದೇವೆ’ ಅಂತ ಹೇಳಿ ದಿನ ಶುರುಮಾಡುತ್ತಾರೆ. ಆಸ್ಟ್ರೇಲಿಯಾದ ಶಿಶುವಿಹಾರಗಳಲ್ಲೂ ಹೀಗೇ ಇದೆ.

ನ್ಯೂಜಿಲೆಂಡ್ ನನಗೆ ಇನ್ನೂ ಹಿಡಿಸಿತು. ಅಲ್ಲಿನ ಮೂಲನಿವಾಸಿಗಳ ಮಾವೊರಿ ಮಾತು ಸಾಯುತ್ತಿದೆ ಅನ್ನಿಸಿದಾಗ 1982ರಲ್ಲಿ ಅಜ್ಜ ಅಜ್ಜಿಯರೇ ಶಿಶುವಿಹಾರಕ್ಕೆ ಬಂದು ಕೂತರು. ‘ಕೊಹಂಗಾ ರಿಯೊ’ ಅಂತ ಹೆಸರು, ಮಾತಿನ ಗೂಡು ಅಂತ ಅರ್ಥ. 1996ರಲ್ಲಿ ಆ ದೇಶದ ಶಿಶುಶಿಕ್ಷಣದ ಪಠ್ಯಕ್ರಮಕ್ಕೇ ಮಾವೊರಿಯಲ್ಲಿ ‘ಹೆಣೆದ ಚಾಪೆ’ ಎಂದು ಹೆಸರಿಟ್ಟರು.

ಹಾಗಾದರೆ ನಾವೂ ಕುಮಟಾದ ಅಂಗನವಾಡಿಯಲ್ಲಿ ಬೆಳಗ್ಗೆ ಎದ್ದು ನೆಲದ ಒಡೆಯರಿಗೆ ವಂದನೆ ಹೇಳೋಣವೇ? ನನಗೆ ಅದು ಸರಿ ಕಾಣುವುದಿಲ್ಲ. ಕೆನಡಾದಲ್ಲಿ ಹಡಗಿನಲ್ಲಿ ಬಂದವರು ಯಾರು, ಮೊದಲೇ ಇದ್ದವರು ಯಾರು ಎಂಬ ಗೆರೆ ದಪ್ಪಗಿದೆ. ಇಲ್ಲಿ ಹಾಗಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರ, ಕಾರವಾರದ ಕೊಪ್ಪಗಳಲ್ಲಿ ಹಾಲಕ್ಕಿಗಳು. ಜೋಯಿಡಾದ ಕಾಡಿನಲ್ಲಿ ಕುಣಬಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಸಿದ್ದಿಗಳು. ಎಮ್ಮೆ ಹೊಡೆದುಕೊಂಡು ಮಹಾರಾಷ್ಟ್ರದ ಕಡೆಯಿಂದ ಇಳಿದ ಗೌಳಿಗಳು. ಹೊಳೆ, ಕಡಲು ನಂಬಿದ ಅಂಬಿಗರು, ಹರಿಕಂತ್ರರು, ಖಾರ್ವಿಗಳು. ಇವರಲ್ಲಿ ‘ಮೂಲ’ ಯಾರು? ಸಿದ್ದಿಗಳ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಷ್ಟೋ ಜನ. ನೂರಾರು ವರ್ಷ ಇದೇ ಕಾಡಿನ ಜೇನು, ಸೊಪ್ಪು, ಗದ್ದೆಯಲ್ಲಿ ಬದುಕಿದ್ದಾರೆ. ಯಲ್ಲಾಪುರದ ಸಾತುಂಬೈಲಿನಲ್ಲಿ ಅವರ ಸಿದ್ದಿನಾಸ ದೇವರಿದೆ. ಅವರ ಮಕ್ಕಳಿಗೆ ‘ನೀವು ಆಫ್ರಿಕಾದವರು’ ಅಂತ ಕ್ಲಾಸಿನಲ್ಲಿ ಹೇಳುವುದು ಚರಿತ್ರೆಯ ಪಾಠವೂ ಆಗಬಹುದು, ಗಾಯವೂ ಆಗಬಹುದು. ಗುಂಗುರು ಕೂದಲು ತೋರಿಸಿ ಹೇಳಿದರೆ ಖಂಡಿತ ಗಾಯವೇ. ಸರ್ಕಾರವೂ 1980ರ ದಶಕದಲ್ಲಿ ಸಿದ್ದಿ ಹುಡುಗ ಹುಡುಗಿಯರ ಕಾಲಿನ ಬಲ ನೋಡಿ ಕ್ರೀಡಾ ತರಬೇತಿಗೆ ಆರಿಸಿತು. ಕೆಲವೇ ವರ್ಷಕ್ಕೆ ಆ ಯೋಜನೆ ನಿಲ್ಲಿಸಿ ಮನೆಗೆ ಕಳಿಸಿತು.

ಅಂದರೆ ‘ಯಾರು ಮೊದಲು ಬಂದರು’ ಎಂಬ ಪ್ರಶ್ನೆ ಇಲ್ಲಿನ ಮಕ್ಕಳಿಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ‘ಯಾರು ಈ ಜಾಗದಲ್ಲಿ ಏನು ಮಾಡುತ್ತಾರೆ, ಅದನ್ನು ಮಾಡಲು ಅವರಿಗೆ ಬಿಟ್ಟಿದ್ದಾರಾ’ ಎಂಬುದು ಉಪಯೋಗಕ್ಕೆ ಬರುತ್ತದೆ. ನೆಲದ ಸಂಬಂಧ ಅಂದರೆ ಕೆಲಸ, ಊಟ, ದೇವರು, ದಾರಿ. ಜೊತೆಗೆ ಒಂದು ಕಾಗದ. ಮೊದಲ ನಾಲ್ಕನ್ನು ಶಾಲೆಗಳು ಅಲ್ಪಸ್ವಲ್ಪ ಹೇಳುತ್ತವೆ. ಕಾಗದದ ಸುದ್ದಿಗೆ ಮಾತ್ರ ಯಾರೂ ಹೋಗುವುದಿಲ್ಲ.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ನಮ್ಮ ಮನೆಯೂ ಬರುತ್ತದೆ.

ನಾವು ಈಗ ಕುಮಟಾದಲ್ಲಿದ್ದೇವೆ, ಮೂಲಮನೆ ಶಿರಸಿ ಕಡೆ. ಅಡಿಕೆ ತೋಟ. ತೋಟಕ್ಕೆ ಹೊಂದಿಕೊಂಡು ಬೆಟ್ಟ. ಘಟ್ಟದ ಮೇಲಿನವರಿಗೆ ಇದು ಗೊತ್ತು: ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು. ಗೊಬ್ಬರಕ್ಕೆ ಸೊಪ್ಪು, ದನದ ಕೊಟ್ಟಿಗೆಗೆ ದರಕು, ಅಂದರೆ ಒಣ ಎಲೆ. ಬ್ರಿಟಿಷ್ ಸರ್ಕಾರ ತೋಟಿಗರ ಮತ್ತು ಕಾಡಿನ ಈ ನಂಟನ್ನು ಒಪ್ಪಿತು, ಬರೆದುಕೊಟ್ಟಿತು. ಅದೇ ಸರ್ಕಾರಕ್ಕೆ ಕುಮರಿ ಬೇಸಾಯ ಕಂಡರೆ ಆಗುತ್ತಿರಲಿಲ್ಲ. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೆ ಕಾಡಾಗಲು ಬಿಟ್ಟು ಮುಂದೆ ಹೋಗುವ ಪದ್ಧತಿ ಅದು. ಸಾಗವಾನಿ ಬೇಕಿದ್ದವರಿಗೆ ಅದು ನಷ್ಟ ಕಂಡಿತು. ನಿರ್ಬಂಧ ಬಂತು, ಆಮೇಲೆ ಬಹುಪಾಲು ನಿಂತೇಹೋಯಿತು. ಎರಡೂ ನೆಲದ ಸಂಬಂಧವೇ ಅಲ್ವಾ? ಒಂದಕ್ಕೆ ಕಾಗದ ಸಿಕ್ಕಿತು, ಇನ್ನೊಂದಕ್ಕೆ ಕೇಸು.

ಇದು ಹಳೆಯ ಕಥೆಯಾಗಿ ಮುಗಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಓದಿದರೆ ಗೊತ್ತಾಗುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಅರಣ್ಯದಲ್ಲಿದ್ದರು ಎಂದು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಸಿದ್ದಿಗಳಿಗೆ ಈ ಜಿಲ್ಲೆಯಲ್ಲಿ 2003ರಲ್ಲಿ ಪಂಗಡದ ಮಾನ್ಯತೆ ಸಿಕ್ಕಿತು. ಅದೇ 2003ರಲ್ಲಿ ಗೋವಾದ ಕುಣಬಿಗಳಿಗೂ ಸಿಕ್ಕಿತು. ಗಡಿ ದಾಟಿ ಜೋಯಿಡಾಕ್ಕೆ ಬಂದರೆ ಅದೇ ಕುಣಬಿಗಳಿಗೆ ಇಲ್ಲ. ಹಾಲಕ್ಕಿಗಳಿಗೂ ಇಲ್ಲ, ದಶಕಗಳಿಂದ ಕೇಳುತ್ತಲೇ ಇದ್ದಾರೆ. ಶಾಲೆಗೆ ಹೋಗದ ಅಜ್ಜನ ಮೊಮ್ಮಗ 75 ವರ್ಷದ ಕಾಗದ ಎಲ್ಲಿಂದ ತರಬೇಕು? ಜಿಲ್ಲೆಯ ಬಹುಪಾಲು ನೆಲ ಕಾಗದದಲ್ಲಿ ಅರಣ್ಯ. ಹಾಗಾಗಿ ಊರೂರಲ್ಲೂ ‘ಅತಿಕ್ರಮಣದಾರರು’ ಇದ್ದಾರೆ. ನಮ್ಮ ಕಡೆ ಅದು ಬೈಗುಳವಲ್ಲ, ದಿನಬಳಕೆಯ ಶಬ್ದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೇದಿಕೆಯ ಮೇಲೆ ಹಾಲಕ್ಕಿಯನ್ನು ‘ಕಾಡಿನ ತಾಯಿ’ ಅನ್ನುತ್ತೇವೆ. ಕಚೇರಿಯಲ್ಲಿ ಅದೇ ಸಮುದಾಯದವರನ್ನು ಅತಿಕ್ರಮಣದಾರ ಅನ್ನುತ್ತೇವೆ. ಮಕ್ಕಳಿಗೆ ಮೊದಲನೆಯದು ಮಾತ್ರ ತೋರಿಸಿದರೆ ಅರ್ಧ ಸುಳ್ಳು ಕಲಿಸಿದಂತೆ.

ಆರು ವರ್ಷದ ಮಗುವಿಗೆ ಕಾಯ್ದೆ ಹೇಳುವುದು ಹೇಗೆ ಅಂತ ಕೇಳಬಹುದು. ಕಾಯ್ದೆ ಹೇಳಬೇಕಾಗಿಲ್ಲ. ಮಕ್ಕಳಿಗೆ ನ್ಯಾಯದ ವಿಷಯ ನಮಗಿಂತ ಬೇಗ ಹೊಳೆಯುತ್ತದೆ. ‘ನೀನು ದಿನಾ ಕೂರುವ ಜಾಗ. ಒಂದು ದಿನ ಬಂದರೆ ಅಲ್ಲಿ ಬೇರೆಯವರ ಹೆಸರಿನ ಚೀಟಿ ಅಂಟಿಸಿದ್ದಾರೆ. ಏನು ಮಾಡ್ತೀಯಾ?’ ಇಷ್ಟು ಕೇಳಿ ನೋಡಿ, ಕ್ಲಾಸು ಸಂತೆಯಾಗುತ್ತದೆ. ಮೂರು ವರ್ಷದವರಿಗೆ ಇದೂ ಬೇಡ. ಅವರಿಗೆ ಮಣ್ಣಿನ ವಾಸನೆ, ಹಣ್ಣಿನ ಹುಳಿ ಸಾಕು.

ಪಠ್ಯಕ್ರಮ ಅಡ್ಡ ಬರುತ್ತದೆ ಎಂಬ ನೆಪವನ್ನೂ ನಾನು ಒಪ್ಪುವುದಿಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತು, ಆಟ, ಸುತ್ತಲಿನ ಪರಿಸರದಿಂದ ಕಲಿಕೆ ಅಂತ ಪುಟಗಟ್ಟಲೆ ಹೇಳುತ್ತದೆ. ನಮ್ಮದೇ ನಲಿ-ಕಲಿ 1995ರಲ್ಲಿ ಶುರುವಾದದ್ದು ಹೆಗ್ಗಡದೇವನಕೋಟೆಯಲ್ಲಿ, ಜೇನುಕುರುಬರ ಹಾಡಿಗಳಿರುವ ತಾಲೂಕಿನಲ್ಲಿ. ಕಾಗದದಲ್ಲಿ ಎಲ್ಲ ಇದೆ. ತೊಡಕು ಇರುವುದು ಮಾತಿನಲ್ಲಿ ಮತ್ತು ಕೂಲಿಯಲ್ಲಿ.

ಮಾತಿನದ್ದು ಮೊದಲು. ಜೋಯಿಡಾದ ಕುಣಬಿ ಮಗು ಮನೆಯಲ್ಲಿ ಕೊಂಕಣಿ ಆಡುತ್ತದೆ. ಗೌಳಿ ಮಗುವಿನದು ಮರಾಠಿಯ ಒಂದು ಬಗೆ. ಹಾಲಕ್ಕಿ ಮಗುವಿನದು ಕನ್ನಡವೇ, ಆದರೆ ಪುಸ್ತಕದ ಕನ್ನಡ ಅಲ್ಲ. ಅಂಗನವಾಡಿಗೆ ಬಂದ ಮೊದಲ ದಿನವೇ ಅದು ‘ತಪ್ಪು’ ಆಗುತ್ತದೆ. ಮಾತು ತಪ್ಪು ಅಂತಾದಾಗ ಆ ಮಾತಿನಲ್ಲಿರುವ ಗಿಡ, ಮೀನು, ಮಳೆ, ಮಣ್ಣಿನ ಹೆಸರುಗಳೂ ತಪ್ಪಾಗುತ್ತವೆ. ನನ್ನ ಮಗಳು ಒಮ್ಮೆ ಅಘನಾಶಿನಿ ಹೊಳೆಯ ಚಿತ್ರ ಬರೆದು ‘ಕಾಂಡ್ಲಾ ಗಿಡ’ ಅಂತ ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ‘ಮ್ಯಾಂಗ್ರೋವ್’ ಅಂತ ತಿದ್ದಿ ಕಳಿಸಿದ್ದರು. ತಿದ್ದಿದವರು ಕೆಟ್ಟವರಲ್ಲ, ನಮ್ಮಂತೆಯೇ ಕಲಿತು ಬಂದವರು. ಆದರೆ ಆ ಹೊಳೆಯ ಬಾಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರ ಮಕ್ಕಳು ಆ ಕ್ಲಾಸಿನಲ್ಲಿದ್ದರೆ ಅವರಿಗೆ ಏನನ್ನಿಸಬೇಕು?

ಇಲ್ಲಿ ಬುಡಕಟ್ಟಿನ ಮಕ್ಕಳು ಉಳಿದುಕೊಂಡು ಓದುವ ಆಶ್ರಮ ಶಾಲೆಗಳ ನೆನಪಾಗುತ್ತದೆ. ಕೆನಡಾದಂತೆ ಇಲ್ಲಿ ಯಾರೂ ಮಕ್ಕಳನ್ನು ಎಳೆದು ಒಯ್ಯಲಿಲ್ಲ. ತಂದೆತಾಯಿಯರೇ ಊಟ, ಓದು ಸಿಗಲಿ ಅಂತ ಬಿಟ್ಟುಬರುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ ಆರು ವರ್ಷಕ್ಕೆ ಮನೆ ಬಿಟ್ಟ ಹುಡುಗ ಅಪ್ಪನ ಜೊತೆ ಜೇನಿಗೆ ಹೋಗುವುದು ಯಾವಾಗ? ಗೆಡ್ಡೆ ಯಾವ ಬಳ್ಳಿಯ ಕೆಳಗಿದೆ ಅಂತ ಅಮ್ಮನ ಬೆನ್ನ ಹಿಂದೆ ನೋಡಿ ಕಲಿಯುವುದು ಯಾವಾಗ? ಜೋಯಿಡಾದ ಗೆಡ್ಡೆಗೆಣಸು ಮೇಳಕ್ಕೆ ಹೋದರೆ ಕುಣಬಿ ಹೆಂಗಸರು ಇಟ್ಟ ರಾಶಿಯಲ್ಲಿ ಎಷ್ಟೊಂದು ಬಗೆ! ಬೆರಳಷ್ಟು ಉದ್ದದ್ದು, ಮೊಳದುದ್ದದ್ದು, ಆನೆಕಾಲಿನಂಥದ್ದು. ನಾವು ಫೋಟೋ ತೆಗೆದು ಮನೆಗೆ ಬರುತ್ತೇವೆ. ಅದೇ ತಾಲೂಕಿನಲ್ಲಿ ಹುಲಿ ಮೀಸಲು ಪ್ರದೇಶದ ಒಳಗಿನ ಮನೆಗಳಿಗೆ, ಒಪ್ಪಿ ಹೊರಗೆ ಬಂದರೆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂಬ ಪ್ಯಾಕೇಜ್ ಇದೆ. ರಸ್ತೆ, ಆಸ್ಪತ್ರೆ ಇಲ್ಲದೆ ಸಾಕಾಗಿ ಹೋದವರನ್ನು ತಪ್ಪು ಅನ್ನಲಾಗದು. ಹುಲಿಯನ್ನೇ ದೇವರು ಮಾಡಿ ಪೂಜಿಸಿಕೊಂಡು ಬಂದವರು ಹುಲಿಗಾಗಿ ಊರು ಬಿಡುವುದು ಮಾತ್ರ ವಿಚಿತ್ರ.

ಕೂಲಿಯ ವಿಷಯ ಚಿಕ್ಕದು, ಆದರೆ ಅಲ್ಲೇ ಎಲ್ಲ ಎಡವುವುದು. ಹಿರಿಯರೊಬ್ಬರನ್ನು ಶಾಲೆಗೆ ಕರೆಯುತ್ತೇವೆ. ಶಾಲು, ಹಣ್ಣು, ಒಂದು ಫೋಟೋ. ಅವರ ಆ ದಿನದ ಕೂಲಿ ಹೋಯಿತು. ಅರ್ಧ ಗಂಟೆ ಹಾಡು ಹಾಡಿ ಅಂತೀವಿ, ಮುಖ್ಯ ಅತಿಥಿ ಬಂದರೆಂದು ನಡುವೆ ನಿಲ್ಲಿಸುತ್ತೀವಿ. ಸುಕ್ರಜ್ಜಿಯ ಹಾಡುಗಳು ನಾಟಿ, ಮದುವೆ, ಹಬ್ಬ ಅಂತ ಬದುಕಿನ ಜೊತೆ ಹುಟ್ಟಿದವು. ಮೈಕಿನ ಮುಂದೆ ಐದು ನಿಮಿಷಕ್ಕೆ ಕತ್ತರಿಸಿದರೆ ಏನು ಉಳಿಯುತ್ತದೆ? ಸಂಗೀತದ ಮೇಷ್ಟ್ರಿಗೆ ಸಂಬಳ ಕೊಡುವ ಶಾಲೆ ಈ ಅಜ್ಜಿಯರಿಗೂ ತಿಂಗಳಿಗೆ ನಾಲ್ಕು ದಿನದ ಗೌರವಧನ ಕೊಡಲಿ. ಶಾಲು ಬೇಡ.

ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಅಂತ ನಗರದವರು ಸುಲಭವಾಗಿ ಸಲಹೆ ಕೊಡುತ್ತಾರೆ. ಸಿದ್ದಾಪುರ, ಹೊನ್ನಾವರದ ಶಿಕ್ಷಕರನ್ನು ಕೇಳಿ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಹೆದರಿಕೆ, ಕಾಡಿನ ಉಣ್ಣಿ ಹತ್ತಬಾರದು. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ. ಅರಣ್ಯ ಇಲಾಖೆಯ ಅನುಮತಿ ಬೇರೆ. ಅಷ್ಟಕ್ಕೂ ಕಾಡಿಗೇ ಹೋಗಬೇಕೆಂದೇನಿಲ್ಲ. ಕರಾವಳಿಯ ಶಾಲೆಗೆ ಗಜನಿ, ಅಂದರೆ ಹೊಳೆಬಾಯಿಯ ಉಪ್ಪುನೀರಿನ ಗದ್ದೆ ಇದೆ. ಅಘನಾಶಿನಿಯ ಮುಖದ ಹತ್ತಿರ ಮಾಣಿಕಟ್ಟಾ ಕಡೆ ಹೋದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲೇ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆಗೆ ಉಪ್ಪು ತೊಳೆದುಹೋದಾಗ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ. ನೆರೆ ಬಂದು ನಾಲ್ಕು ದಿನ ಮುಳುಗಿದರೂ ಪೈರು ತಲೆ ಎತ್ತುತ್ತದೆ. ಕೊಯ್ಲು ಆದ ಮೇಲೆ ಬಾಗಿಲು ತೆಗೆದು ಹೊಳೆಯ ನೀರು ಬಿಡುತ್ತಾರೆ, ಅದೇ ಗದ್ದೆ ಸಿಗಡಿ ಮೀನಿನ ಹೊಂಡವಾಗುತ್ತದೆ. ಒಂದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು. ಇದನ್ನು ಕೇಳಿ ಕಣ್ಣರಳಿಸದ ಮಗು ಇದ್ದರೆ ತೋರಿಸಿ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂಬುದು ಪುಸ್ತಕದಲ್ಲಿಲ್ಲ. ಹುಣ್ಣಿಮೆ ಅಮಾವಾಸ್ಯೆಯ ಭರತ ಇಳಿತ ಗೊತ್ತಿರುವವರ ತಲೆಯಲ್ಲಿದೆ. ಅವರಲ್ಲಿ ಹಲವರು ಅದೇ ಶಾಲೆಯ ಮಕ್ಕಳ ಅಜ್ಜಂದಿರು.

ಅದೂ ಆಗದಿದ್ದರೆ ಪೇಟೆ ಇದೆ. ಛದ್ಮವೇಷದ ಮಾರನೇ ವಾರ ನಾನು ಮಗಳನ್ನು ಕುಮಟಾ ಪೇಟೆಗೆ ಕರೆದುಕೊಂಡು ಹೋದೆ. ಹಾಲಕ್ಕಿ ಹೆಂಗಸರು ಸೊಪ್ಪು, ತರಕಾರಿ, ಬೇಸಗೆಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ಇಟ್ಟುಕೊಂಡು ಕೂರುತ್ತಾರೆ. ವರ್ಷಗಳಿಂದ ಕೊಳ್ಳುತ್ತಿದ್ದೇನೆ, ಬೆಲೆ ಬಿಟ್ಟು ಬೇರೆ ಏನನ್ನೂ ಕೇಳಿದವರಲ್ಲ ನಾವು. ಮಗಳು ಕೇಳಿದಳು: “ಅಜ್ಜಿ, ನಿಮ್ಮ ಗದ್ದೆ ಎಲ್ಲಿ?” ಅವರು ನಕ್ಕರು. “ಅರ್ಧ ಅಲ್ಲೇ ಇದೆ ಮಗಾ. ಇನ್ನರ್ಧದ ಮೇಲೆ ನೀವು ಕಾರಿನಲ್ಲಿ ಹೋಗ್ತೀರಲ್ಲ.” ಹೆದ್ದಾರಿ ಚತುಷ್ಪಥ ಆದಾಗ ಹೋದ ನೆಲ ಅದು. ಅಳು ಇಲ್ಲ, ಸಿಟ್ಟೂ ಇಲ್ಲ, ಈರುಳ್ಳಿ ತೂಗುತ್ತಲೇ ಹೇಳಿದರು. ಮನೆಗೆ ಹೋಗುವಾಗ ಮಗಳು ಕಿಟಕಿಯಿಂದ ರಸ್ತೆಯನ್ನೇ ನೋಡುತ್ತಿದ್ದಳು.

ಮಕ್ಕಳಿಗೆ ಇಂಥದ್ದೆಲ್ಲ ಹೇಳಿದರೆ ಮನಸ್ಸು ಭಾರವಾಗುತ್ತದೆ ಅಂತ ಕೆಲವು ಪಾಲಕರು ಹೇಳುತ್ತಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು, ಆಚೆ ದಡದ ಉಳುವರೆಯ ಮನೆಗಳಿಗೆ ಹೊಳೆ ನುಗ್ಗಿತು. ಅಲ್ಲಿನ ಮಕ್ಕಳಿಗೆ ಯಾರೂ ಕೇಳಲಿಲ್ಲ, ಇದು ನಿನ್ನ ವಯಸ್ಸಿಗೆ ಭಾರವಾ ಅಂತ. ನಮ್ಮ ಮಕ್ಕಳ ಪಕ್ಕದಲ್ಲಿ ಕೂರುವವರಿಗೆ ಬದುಕಲು ಆಗುವುದನ್ನು ನಮ್ಮ ಮಕ್ಕಳಿಗೆ ಕೇಳಲೂ ಆಗಬಾರದೇ?

ನಿಜ ಹೇಳಬೇಕೆಂದರೆ ಇದರಲ್ಲಿ ಕಷ್ಟ ಇರುವುದು ಮಕ್ಕಳಿಗಲ್ಲ, ನನ್ನಂಥವರಿಗೆ. ದೀಪಾವಳಿಗೆ ಮೂಲಮನೆಗೆ ಹೋಗಿದ್ದೆವು. ತೋಟಕ್ಕೆ ಸೊಪ್ಪು ತರಲು ಆಳುಗಳು ಬೆಟ್ಟಕ್ಕೆ ಹೋಗಿದ್ದರು. ಮಗಳು ಅಜ್ಜನ ಜೊತೆ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಸೊಪ್ಪಿನ ಹೊರೆ ಹೊತ್ತು ಇಳಿಯುವವರು ದೂರಕ್ಕೆ ನಡೆದಾಡುವ ಪೊದೆಗಳ ಹಾಗೆ ಕಾಣುತ್ತಾರೆ.

“ಅಜ್ಜ, ಬೆಟ್ಟ ಯಾರದು?”

“ಸರ್ಕಾರದ್ದು. ಸೊಪ್ಪು ನಮ್ದು.”

“ಮತ್ತೆ ಸೊಪ್ಪು ಕೊಯ್ಯೋರದ್ದು?”

ಅಪ್ಪ ಕವಳದ ಬಟ್ಟಲು ಹತ್ತಿರ ಎಳೆದುಕೊಂಡರು. ಅಡಿಕೆ ಹೋಳು ಆರಿಸಲು ತುಂಬ ಹೊತ್ತು ತೆಗೆದುಕೊಂಡರು. ಅವಳು ಈಗ ನನ್ನ ಕಡೆ ತಿರುಗಿದ್ದಳು.